ಎಯ್ಟ್ ಮೈಲ್ ರಸ್ತೆಯ ಆಚೆ, ಈಚೆ

ಡೆಟ್ರಾಯಿಟ್ ಸುತ್ತಮುತ್ತ ನೆಲೆ ನಿಂತ ಕನ್ನಡಿಗರಿಗೆ ಮನೆ ಕೊಳ್ಳುವುದೆಂದರೆ ಮಕ್ಕಳಿಗೆ ಶಾಲೆ ಹುಡುಕುವುದೇ ಎಂಬುದನ್ನು ಹೊಸದಾಗಿ ಹೇಳಬೇಕಿಲ್ಲ. 1965ರ ಅಮೆರಿಕದ ವಲಸೆ ಕಾಯ್ದೆಯ ನಂತರ ಕಾರು ಕಂಪನಿಗಳಿಗೆ ಎಂಜಿನಿಯರುಗಳಾಗಿ, ಆಸ್ಪತ್ರೆಗಳಿಗೆ ವೈದ್ಯರಾಗಿ ಬಂದ ಮೊದಲ ತಲೆಮಾರು ಕಂಡದ್ದು, 1967ರ ಜುಲೈ ಗಲಭೆಯಲ್ಲಿ 43 ಜೀವಗಳನ್ನು ಕಳೆದುಕೊಂಡು ಇನ್ನೂ ಚೇತರಿಸಿಕೊಳ್ಳದಿದ್ದ ನಗರವನ್ನು. ಬಿಳಿಯ ಕುಟುಂಬಗಳು ಅದಕ್ಕೂ ಮೊದಲೇ ಉಪನಗರಗಳತ್ತ ಗಂಟುಮೂಟೆ ಕಟ್ಟತೊಡಗಿದ್ದವು. ನಮ್ಮವರೂ ಅದೇ ದಾರಿ ಹಿಡಿದರು: ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್, ಆಮೇಲೆ ನೋವೈ, ಕ್ಯಾಂಟನ್. ಮಕ್ಕಳ ಓದಿಗಾಗಿ ಊರು ಬಿಟ್ಟು ಬಂದವರನ್ನು ಅದಕ್ಕಾಗಿ ದೂರುವುದು ನ್ಯಾಯವಲ್ಲ. ಆದರೆ ಆ ದಾರಿ ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನು ಅರ್ಧ ಶತಮಾನದ ನಂತರವಾದರೂ ನೆನೆಯಬೇಕು.

1954ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ, ಬಣ್ಣದ ಆಧಾರದಲ್ಲಿ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂದಿದ್ದರು. ಆ ಮಾತು ಡೆಟ್ರಾಯಿಟ್‌ಗೆ ತಲುಪುವ ಹೊತ್ತಿಗೆ ನಗರದ ಶಾಲೆಗಳಲ್ಲಿ ಬೆರೆಸಲು ಬಿಳಿಯ ಮಕ್ಕಳೇ ವಿರಳವಾಗುತ್ತಿದ್ದರು. ಇದನ್ನರಿತೇ ಫೆಡರಲ್ ನ್ಯಾಯಾಧೀಶ ಸ್ಟೀಫನ್ ರಾತ್ 1972ರಲ್ಲಿ ನಗರದ ಜೊತೆಗೆ 53 ಉಪನಗರ ಶಾಲಾ ಡಿಸ್ಟ್ರಿಕ್ಟುಗಳನ್ನೂ ಮಕ್ಕಳನ್ನು ಬೆರೆಸುವ ಒಂದೇ ಯೋಜನೆಯೊಳಗೆ ತಂದರು. 1974ರ ಜುಲೈ 25ರಂದು ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಉಪನಗರಗಳ ಗಡಿ ದಾಟಲು ಅವು ತಪ್ಪು ಮಾಡಿವೆಯೆಂಬ ಪುರಾವೆ ಬೇಕೆಂದಿತು. 1954ರ ಮೊಕದ್ದಮೆಯನ್ನು ವಕೀಲರಾಗಿ ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್, ಈಗ ನ್ಯಾಯಮೂರ್ತಿಯಾಗಿ ಭಿನ್ನಮತ ಬರೆದು, ಮಹಾನಗರ ಬಣ್ಣದಂತೆ ಎರಡಾಗಿ ಒಡೆಯುತ್ತದೆಂದು ಎಚ್ಚರಿಸಿದರು. ಹಾಗೇ ಆಯಿತು. ಎಯ್ಟ್ ಮೈಲ್ ರಸ್ತೆ ನಗರದ ಎಲ್ಲೆಯಷ್ಟೇ ಅಲ್ಲ, ಮಕ್ಕಳ ಭವಿಷ್ಯದ ಎಲ್ಲೆಯೂ ಆಯಿತು.

ಆಚೆ ಬದಿಯಲ್ಲಿ ನಮಗೆ ದಕ್ಕಿದ್ದು ಕಡಿಮೆಯಲ್ಲ. ಸರ್ಕಾರಿ ಶಾಲೆಯಲ್ಲೇ ಓದಿದ ನಮ್ಮ ಮಕ್ಕಳು ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸಿದರು, ರೋಬೋಟ್ ಕಟ್ಟಿದರು, ಆನ್ ಆರ್ಬರ್‌ನ ವಿಶ್ವವಿದ್ಯಾಲಯ ಸೇರಿದರು. ಈಚೆ ಬದಿಯಲ್ಲಿ, 1960ರ ದಶಕದಲ್ಲಿ ಸುಮಾರು 3 ಲಕ್ಷ ಮಕ್ಕಳಿದ್ದ ಡೆಟ್ರಾಯಿಟ್ ಶಾಲೆಗಳಲ್ಲಿ ಈಗ ಉಳಿದಿರುವುದು ಸುಮಾರು 50 ಸಾವಿರ. ಅವುಗಳ ಆಡಳಿತವನ್ನು ಮಿಷಿಗನ್ ರಾಜ್ಯವೇ ವಶಪಡಿಸಿಕೊಂಡಿತು, ಹಿಂತಿರುಗಿಸಿತು, 2009ರಲ್ಲಿ ಮತ್ತೆ ತುರ್ತು ಆಡಳಿತಾಧಿಕಾರಿಗಳನ್ನು ಕೂರಿಸಿತು; ಸಾಲ ಮಾತ್ರ ಬೆಳೆಯಿತು. 2016ರ ಜನವರಿಯಲ್ಲಿ ಶಿಕ್ಷಕರು ಸಾಮೂಹಿಕ ರಜೆ ಹಾಕಿ, ಬೂಷ್ಟು ಹಿಡಿದ ಗೋಡೆಗಳ ಚಿತ್ರಗಳನ್ನು ಊರಿಗೆಲ್ಲ ತೋರಿಸಿದರು. 2018ರಲ್ಲಿ ಸೀಸ, ತಾಮ್ರದ ಅಂಶ ಕಂಡು ಶಾಲೆಗಳ ಕುಡಿಯುವ ನೀರಿನ ನಲ್ಲಿಗಳನ್ನೇ ಬಂದ್ ಮಾಡಬೇಕಾಯಿತು. ಇಷ್ಟರ ನಡುವೆಯೂ ಪರೀಕ್ಷೆ ಬರೆದು ಸೇರಬೇಕಾದ ಕ್ಯಾಸ್ ಟೆಕ್‌ನಂಥ ಶಾಲೆ ತನ್ನ ಹೆಸರು ಉಳಿಸಿಕೊಂಡಿತೆಂದರೆ ಅದು ಅಲ್ಲಿನ ಶಿಕ್ಷಕರ, ತಾಯ್ತಂದೆಯರ ಛಲ.

ತಾರತಮ್ಯ ಅಳಿಸುವ ಪ್ರಯತ್ನ ನಡೆಯಲೇ ಇಲ್ಲವೆಂದಲ್ಲ. 1994ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೋಸಲ್ ಎ, ಶಾಲೆಗಳ ದೈನಂದಿನ ಖರ್ಚಿನ ಬಹುಪಾಲನ್ನು ಸ್ಥಳೀಯ ಆಸ್ತಿ ತೆರಿಗೆಯಿಂದ ಬಿಡಿಸಿ, ಮಾರಾಟ ತೆರಿಗೆಯನ್ನು ಶೇ 4ರಿಂದ 6ಕ್ಕೆ ಏರಿಸಿ, ರಾಜ್ಯದ ಹೆಗಲಿಗೆ ಹಾಕಿತು. ಕಟ್ಟಡದ ಹಣವನ್ನು ಮಾತ್ರ ಊರೂರೇ ತಂತಮ್ಮ ಆಸ್ತಿಯ ಮೇಲೆ ಎತ್ತಬೇಕು. ಸಿರಿವಂತ ಊರಿಗೆ ಹೊಸ ಪ್ರಯೋಗಾಲಯ, ಬಡ ಊರಿಗೆ ಸೋರುವ ಸೂರು. ಎರಡು ವರ್ಷದ ಬಳಿಕ ಬಂದ ಸ್ಕೂಲ್ಸ್ ಆಫ್ ಚಾಯ್ಸ್ ವ್ಯವಸ್ಥೆ ಬೇರೆ ಡಿಸ್ಟ್ರಿಕ್ಟಿನ ಶಾಲೆಗೆ ಸೇರಲು ಅವಕಾಶ ಕೊಟ್ಟರೂ, ಹೊರಗಿನವರನ್ನು ಸೇರಿಸಿಕೊಳ್ಳುವುದೂ ಬಿಡುವುದೂ ಆಯಾ ಡಿಸ್ಟ್ರಿಕ್ಟಿನ ಇಷ್ಟ. ಬಸ್ಸು ಕಳಿಸುವ ಹೊಣೆಯೂ ಅದಕ್ಕಿಲ್ಲ. ಕಾರಿಲ್ಲದ ತಾಯಿ ಮಗುವನ್ನು ಕರೆದೊಯ್ಯುವುದು ಹೇಗೆ?

ಇಂದಿಗೂ ಹಬ್ಬದೂಟದ ಸಾಲಿನಲ್ಲಿ ಹೊಸಬರೊಬ್ಬರು ಮನೆ ಹುಡುಕುತ್ತಿದ್ದೇವೆ ಎಂದರೆ ಸಾಕು, ನಾಲ್ಕು ಜನ ಸುತ್ತುವರಿದು ಪಾಠ ಮಾಡುತ್ತಾರೆ: ವಿಳಾಸ ಟ್ರಾಯ್ ಎಂದಿದ್ದರೆ ನಂಬಬೇಡಿ, ಶಾಲೆ ಆವೊಂಡೇಲ್‌ದೋ ವಾರನ್‌ದೋ ಆಗಿರಬಹುದು, ನಕ್ಷೆ ನೋಡಿ. ಆ ಸಲಹೆಯಲ್ಲಿ ಪ್ರೀತಿಯಿದೆ, ಅನುಭವವಿದೆ. ಅದೇ ನಕ್ಷೆಯಲ್ಲಿ ಎಯ್ಟ್ ಮೈಲ್ ರಸ್ತೆಯ ದಕ್ಷಿಣಕ್ಕಿರುವ ಮಕ್ಕಳ ಮಾತು ಮಾತ್ರ ಆ ಸಾಲಿನಲ್ಲಿ ಬರುವುದಿಲ್ಲ. ಶಾಲಾ ಮಂಡಳಿಗಳ ಚುನಾವಣೆಗೆ ಮತ ಹಾಕುವಷ್ಟು, ಕೆಲವೆಡೆ ಗೆಲ್ಲುವಷ್ಟು ನಾವು ಬೆಳೆದಿದ್ದೇವೆ. ಹೊರಗಿನ ಮಕ್ಕಳಿಗೆ ಸೀಟು ತೆರೆಯಬೇಕೇ ಎಂಬ ಪ್ರಶ್ನೆ ಆ ಮಂಡಳಿಗಳ ಮುಂದೆ ಬಂದಾಗ ನಮ್ಮವರು ಕೈ ಎತ್ತಬೇಕು.