ಕೊನೆಯ ಬೋಟು ಎಷ್ಟು ಗಂಟೆಗೆ?

ಕೊಚ್ಚಿಗೆ ಹೋಗಿಬಂದ ಸಹೋದ್ಯೋಗಿಯೊಬ್ಬರು ಅಲ್ಲಿನ ವಾಟರ್ ಮೆಟ್ರೋದ ಫೋಟೋ ತೋರಿಸಿ, "ಏನು ಮಜಾ ಅಂತೀರಿ ಮೇಡಂ, ಏಸಿ ಬೋಟು!" ಎಂದರು. ನಾನೂ ಅದರಲ್ಲಿ ಕುಳಿತು ಹೈಕೋರ್ಟ್ ಜೆಟ್ಟಿಯಿಂದ ವೈಪಿನ್‌ಗೆ ಹೋದವಳೇ. ಬ್ಯಾಟರಿಯಿಂದ ಓಡುವ ಬೋಟು. ನೀರು ಏರಲಿ ಇಳಿಯಲಿ, ತೇಲುಗಟ್ಟೆಯೂ ಅದರ ಜೊತೆಗೇ ಏರಿಳಿಯುವುದರಿಂದ ಮಂಡಿನೋವಿನ ನಾನೂ ಸಲೀಸಾಗಿ ಹತ್ತಿದೆ. ಹೊಗಳಬೇಕಾದ್ದೇ.

ಆದರೆ "ಮಜಾ" ಎಂಬ ಮಾತಿಗೆ ನನ್ನ ತಕರಾರಿದೆ. 2023ರ ಏಪ್ರಿಲ್ 25ರಂದು ಆರಂಭವಾದ ಈ ಯೋಜನೆಯ ಗುರಿ 10 ದ್ವೀಪ, 38 ಜೆಟ್ಟಿ, 78 ಬೋಟು. ದ್ವೀಪಗಳನ್ನು ನಗರಕ್ಕೆ ಜೋಡಿಸಲೆಂದು ಹೂಡಿದ್ದೇ ಹೊರತು ನಮ್ಮ ರಜೆ ಕಳೆಯಲಲ್ಲ. ವೈಪಿನ್‌ಗೆ 2004ರಲ್ಲೇ ಸೇತುವೆ ಬಂತು, ನಿಜ. ಆದರೂ ದಿನವೂ ದಾಟುವವರಿಗೆ ಬೋಟೆಂದರೆ ರಸ್ತೆಯೇ.

"ಪ್ರವಾಸಿಗರು ಬಂದರೆ ತಾನೇ ಸಂಸ್ಥೆ ಉಳಿಯೋದು?" ಎನ್ನುತ್ತಾರೆ. ಬರಲಿ, ಬೇಡವೆಂದವರಾರು? ಆದರೆ ಲಾಭ ನೋಡಿ ವೇಳಾಪಟ್ಟಿ ಬರೆಯಬಾರದು. ಕಾಲೇಜಿನ ಲ್ಯಾಬು ಮುಗಿಸಿದ ಹುಡುಗಿ, ಬಟ್ಟೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಹೊರಡುವ ಹೆಂಗಸು, ಇವರ ಓದು ದುಡಿಮೆಗೆ ಗಡಿ ಹಾಕುವುದು ಕೊನೆಯ ಬೋಟು. ಅದು ಬೇಗ ಹೊರಟರೆ ಮನೆಯಲ್ಲಿ "ಓದಿದ್ದು ಸಾಕು" ಎನ್ನಿಸಿಕೊಳ್ಳುವವನು ಅಣ್ಣನಲ್ಲ, ತಂಗಿ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ನೀವೂ ಕೊಚ್ಚಿಗೆ ಹೋಗಿ, ಬೋಟು ಹತ್ತಿ. ಸಂಜೆ ಸಾಲಿನಲ್ಲಿ ಟಿಫಿನ್ ಡಬ್ಬಿ ಹಿಡಿದ ಹೆಂಗಸು ನಿಂತಿದ್ದರೆ ಮುಂದೆ ಬಿಡಿ. ನಮಗೆ ಅದರ ಹಿಂದಿನ ಬೋಟು ಸಾಕು.