ಕಸಿಯಾದವರಿಗೆ ಒಂದು ಕೋಣೆ ಕೊಡಿ

ದೆಹಲಿ, ನೋಯ್ಡಾ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಲ್ಲಿ ಒಂದು ಮನವಿ. ನಿಮ್ಮ ಮನೆಯಲ್ಲಿ ಬಾತ್‌ರೂಮ್ ಇರುವ ಕೋಣೆಯೊಂದು ಖಾಲಿ ಇದೆಯೇ? ಮಕ್ಕಳು ವಿದೇಶಕ್ಕೆ ಹೋದಮೇಲೆ ಬೀಗ ಜಡಿದಿಟ್ಟ ಫ್ಲ್ಯಾಟ್ ಇದೆಯೇ? ಹೃದಯ ಅಥವಾ ಶ್ವಾಸಕೋಶ ಕಸಿ ಮಾಡಿಸಿಕೊಂಡು ಆಸ್ಪತ್ರೆಯಿಂದ ಬಿಡುಗಡೆಯಾದವರಿಗೆ ಅದನ್ನು ಮೂರು ತಿಂಗಳ ಮಟ್ಟಿಗೆ ಬಿಟ್ಟುಕೊಡಿ. ಬೇಕಾದರೆ ಬಾಡಿಗೆ ತೆಗೆದುಕೊಳ್ಳಿ, ತಪ್ಪೇನಿಲ್ಲ.

ದೇಶದ ಮೊದಲ ಯಶಸ್ವಿ ಹೃದಯ ಕಸಿ ನಡೆದದ್ದು ದೆಹಲಿಯಲ್ಲೇ. 1994ರ ಜುಲೈನಲ್ಲಿ ಅಂಗಾಂಗ ಕಸಿ ಕಾಯ್ದೆಗೆ ಅಂಕಿತ ಬಿತ್ತು. ಆಗಸ್ಟ್ 3ರಂದು ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ದೇವಿರಾಮ್ ಎಂಬುವರಿಗೆ ಹೊಸ ಹೃದಯ ಜೋಡಿಸಿತು. 2015ರ ಜನವರಿಯಲ್ಲಿ ಗುರುಗ್ರಾಮದಿಂದ ಓಖ್ಲಾಕ್ಕೆ 32 ಕಿ.ಮೀ. ದಾರಿಯನ್ನು ಹೃದಯ ಹೊತ್ತ ಆಂಬುಲೆನ್ಸ್ 29 ನಿಮಿಷದಲ್ಲಿ ಕ್ರಮಿಸಿತ್ತು. ಹೊರತೆಗೆದ ಹೃದಯ ನಾಲ್ಕೈದು ಗಂಟೆಯೊಳಗೆ ಇನ್ನೊಂದು ಎದೆ ಸೇರಬೇಕು, ಅದಕ್ಕೇ ಆ ಧಾವಂತ. ಟ್ರಾಫಿಕ್ ಪೊಲೀಸರು ದಾರಿ ಬಿಡಿಸಿದ್ದನ್ನು ಟೀವಿಯವರು ದಿನವಿಡೀ ತೋರಿಸುತ್ತಾರೆ. ಅಲ್ಲಿಂದಾಚೆಗಿನ ಕೆಲಸ ನರ್ಸ್‌ಗಳ ಪಾಲಿಗೆ. ಅದನ್ನು ಯಾರೂ ತೋರಿಸುವುದಿಲ್ಲ.

ಕಸಿಯಾದ ಹೃದಯಕ್ಕೆ ದೇಹದ ನರಗಳ ಸಂಪರ್ಕ ಕಡಿದುಹೋಗಿರುತ್ತದೆ. ಸುಮ್ಮನೆ ಮಲಗಿದ್ದರೂ ನಿಮಿಷಕ್ಕೆ 90ರಿಂದ 110 ಸಲ ಬಡಿಯುತ್ತಿರುತ್ತದೆ. ತೊಂದರೆಯಾದರೂ ಎದೆನೋವು ಬರದೇ ಇರಬಹುದು. ಹಾಗಾಗಿ ನೋವನ್ನು ನಂಬಿ ಕೂರುವಂತಿಲ್ಲ. ತೂಕ, ಊತ, ಮೂತ್ರದ ಪ್ರಮಾಣ, ಮುಖದ ಬಣ್ಣ ನೋಡಿ ನರ್ಸ್ ಅಂದಾಜು ಮಾಡಬೇಕು. ಶ್ವಾಸಕೋಶ ಕಸಿಯಾದವರದು ಇನ್ನೂ ಪಡಿಪಾಟಲು: ಒಳಗೆ ಕಫ ಕಟ್ಟಿದ್ದು ಅವರಿಗೆ ತಿಳಿಯುವುದಿಲ್ಲ, ಕೆಮ್ಮು ತಾನಾಗಿ ಬರುವುದಿಲ್ಲ. ‘ಖಾಂಸಿಯೇ ಅಂಕಲ್‌ಜೀ, ಏಕ್ ಬಾರ್ ಔರ್’ ಎಂದು ರಾತ್ರಿ ಎರಡು ಗಂಟೆಗೂ ಬೆನ್ನಿಗೆ ಕೈಕೊಟ್ಟು ಕೂರಿಸಿ ಕೆಮ್ಮಿಸುವವಳು ಕೊಟ್ಟಾಯಂ ಕಡೆಯ ಹುಡುಗಿಯೋ ನಮ್ಮ ಮಂಗಳೂರಿನವಳೋ ಆಗಿರುತ್ತಾಳೆ.

ಬಿಡುಗಡೆಗೆ ಮುಂಚೆ ಅದೇ ನರ್ಸ್ ಮನೆಯವರಿಗೆ ಪಾಠ ಮಾಡುತ್ತಾಳೆ. ಟ್ಯಾಕ್ರೊಲಿಮಸ್ ಮಾತ್ರೆ ಬೆಳಿಗ್ಗೆ ಎಂಟಕ್ಕೆಂದರೆ ಎಂಟಕ್ಕೇ, ರಾತ್ರಿ ಎಂಟಕ್ಕೆಂದರೆ ಎಂಟಕ್ಕೇ. ರಕ್ತ ಪರೀಕ್ಷೆಯ ದಿನ ಮಾತ್ರ ಬೆಳಗಿನ ಮಾತ್ರೆಯನ್ನು ಜೇಬಲ್ಲಿಟ್ಟುಕೊಂಡು ಲ್ಯಾಬಿಗೆ ಹೋಗಿ, ರಕ್ತ ಕೊಟ್ಟಮೇಲೆ ನುಂಗಬೇಕು. ಊರಿಂದ ಬಂದವರು ಪ್ರೀತಿಯಿಂದ ತಂದ ಚಕ್ಕೋತ ಬೇಡ, ಅದು ರಕ್ತದಲ್ಲಿ ಆ ಮದ್ದಿನ ಮಟ್ಟ ಏರಿಸಬಲ್ಲದು. ದೇವಸ್ಥಾನದ ಪಂಚಾಮೃತವೂ ಬೇಡ. ಪಾಠ ಕೇಳಿದವರು ತಲೆಯಾಡಿಸಿ, ಫೈಲು ಹಿಡಿದು ಹೊರಗೆ ಬರುತ್ತಾರೆ. ಬಂದು ಎಲ್ಲಿಗೆ ಹೋಗಬೇಕು?

ಊರಿಗೆ ವಾಪಸಾಗುವಂತಿಲ್ಲ. ಮೊದಲ ವಾರಗಳಲ್ಲಿ ಪದೇಪದೇ ಬಯಾಪ್ಸಿ, ರಕ್ತ ಪರೀಕ್ಷೆ ಇರುತ್ತದೆ; ಜ್ವರ ಬಂದರೆ ಮರುದಿನದವರೆಗೆ ಕಾಯುವಂತಿಲ್ಲ. ದೂರದಿಂದ ಬಂದವರಿಗಾಗಿ ಏಮ್ಸ್ ಸುತ್ತ ವಿಶ್ರಾಮ ಸದನಗಳಿವೆ. ನಮ್ಮ ಇನ್ಫೋಸಿಸ್ ಫೌಂಡೇಶನ್ ಝಜ್ಜರ್‌ನ ಏಮ್ಸ್ ಕ್ಯಾನ್ಸರ್ ಆಸ್ಪತ್ರೆಯ ಬಳಿ 806 ಹಾಸಿಗೆಯ ಸದನ ಕಟ್ಟಿಸಿಕೊಟ್ಟಿದೆ, 2021ರಲ್ಲಿ ಅದರ ಉದ್ಘಾಟನೆಯಾಯಿತು. ದೊಡ್ಡ ಕೆಲಸವೇ. ಆದರೆ ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿಕೊಂಡವರು ಹತ್ತು ಮಂದಿಯ ನಡುವೆ ಮಲಗುವಂತಿಲ್ಲ. ಪಕ್ಕದ ಮಂಚದವರ ನೆಗಡಿ ಇವರಿಗೆ ನ್ಯುಮೋನಿಯಾ ಆದೀತು. ಇವರಿಗೆ ಬೇಕಾದದ್ದು ಬಾಗಿಲು ಹಾಕಿಕೊಳ್ಳಬಹುದಾದ ಒಂದೇ ಒಂದು ಕೋಣೆ. ನನಗೆ ತಿಳಿದ ಮಟ್ಟಿಗೆ ಅಂಥ ಕೋಣೆಗಳು ನಮ್ಮ ಜನರ ಮನೆಗಳಲ್ಲಿ ಬೇಕಾದಷ್ಟಿವೆ.

ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘವಾಗಲಿ, ನಿಮ್ಮ ಬಡಾವಣೆಯ ಕನ್ನಡ ಕೂಟವಾಗಲಿ, ಇಂಥ ಮನೆಗಳದೊಂದು ಪಟ್ಟಿ ಮಾಡಿಟ್ಟುಕೊಳ್ಳಲಿ ಎಂಬುದು ನನ್ನ ಕೋರಿಕೆ. ರಾಜ್ಯೋತ್ಸವಕ್ಕೆ ಚಂದಾ ಎತ್ತುವಾಗ ಇದನ್ನೂ ಒಂದು ಮಾತು ಕೇಳಿದರಾಯಿತು. ಯಾರನ್ನು ಕಳಿಸಬೇಕು ಎಂಬುದನ್ನು ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್‌ಗೇ ಬಿಡಿ. ಅವರು ಅಥವಾ ನರ್ಸ್ ಮೊದಲೊಮ್ಮೆ ಬಂದು ಕೋಣೆ ನೋಡಿಹೋಗಲಿ. ಬರುವವರು ಕನ್ನಡಿಗರೇ ಆಗಿರಬೇಕೆಂಬ ಹಟ ಬೇಡ.

ಕೋಣೆ ಕೊಡಲು ಮನಸ್ಸು ಮಾಡಿದವರು ಮೊದಲು ಬಾಲ್ಕನಿಗೆ ಹೋಗಿ ಎಸಿ ಡಬ್ಬದ ಹಿಂದೆ ಇಣುಕಿ. ದೆಹಲಿಯಲ್ಲಿ ಅಲ್ಲಿ ಪಾರಿವಾಳದ ಗೂಡು ಇಲ್ಲದ ಮನೆ ಅಪರೂಪ, ಅದರ ಹಿಕ್ಕೆಯಲ್ಲಿ ಬೆಳೆಯುವ ಶಿಲೀಂಧ್ರ ಕಸಿಯಾದವರಿಗೆ ಅಪಾಯ. ಅವರು ಬರುವುದಕ್ಕೆ ಮೊದಲೇ ಅದನ್ನು ನೀರು ಹಾಕಿ ನೆನೆಸಿ ತೆಗೆಸಿ, ಒಣಗಿದ್ದನ್ನು ಗುಡಿಸಬೇಡಿ. ಮೇಲಿನ ಮಹಡಿಯಲ್ಲಿ ಗೋಡೆ ಒಡೆಯುವ ಕೆಲಸ ನಡೆದಿದ್ದರೆ ಈ ಬಾರಿ ಬೇಡವೆನ್ನಿ; ಆ ದೂಳಿನಲ್ಲೂ ಅದೇ ಭಯ. ಕಾರ್ಪೆಟ್ಟು, ಹೂಕುಂಡ ಹೊರಗಿಡಿ. ನವೆಂಬರಿನ ಹೊಗೆ ಶುರುವಾದರೆ ಕಿಟಕಿ ಮುಚ್ಚಿ, ಏರ್ ಪ್ಯೂರಿಫೈಯರ್ ಇದ್ದರೆ ಆ ಕೋಣೆಗೇ ಕೊಡಿ. ಮನೆಯಲ್ಲಿ ಯಾರಿಗಾದರೂ ಗಂಟಲು ಕೆರೆತ ಕಂಡರೆ ಊಟದ ತಟ್ಟೆ ಹಿಡಿದು ಬಾಗಿಲು ತಟ್ಟಬೇಡಿ. ಫೋನ್ ಮಾಡಿ, ಹೊರಗಿನ ಸ್ಟೂಲಿನ ಮೇಲೆ ಇಟ್ಟುಬನ್ನಿ.