82 ಸೆಕೆಂಡುಗಳ ಆಟ

ಸೋತವರ ಕಥೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಪದಕ ಗೆದ್ದವರ ಭಾವಚಿತ್ರ ಮುಖಪುಟದಲ್ಲಿ ಬರುತ್ತದೆ. ಮೊದಲ ಸುತ್ತಿನಲ್ಲೇ ಹೊರಬಿದ್ದವರಿಗೆ ಒಳಪುಟದ ಮೂಲೆಯೂ ಸಿಗುವುದಿಲ್ಲ. ಆದರೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೊದಲ ಪಂದ್ಯದಲ್ಲೇ, ಅದೂ 82 ಸೆಕೆಂಡುಗಳಲ್ಲಿ ಸೋತ ಒಬ್ಬ ಹುಡುಗಿಯ ಹೆಸರು ಜಗತ್ತಿನ ನಾನಾ ಭಾಷೆಗಳ ಪತ್ರಿಕೆಗಳಲ್ಲಿ ಅಚ್ಚಾಯಿತು. ಆಕೆ ವುಜ್ದಾನ್ ಶಹರ್‌ಖಾನಿ. ಊರು ಮಕ್ಕಾ. ಆಗ ಆಕೆಗೆ 16 ವರ್ಷ.

ವುಜ್ದಾನ್ ಆಡಿದ್ದು ಜೂಡೋ, ಮಹಿಳೆಯರ 78 ಕಿಲೋಗಿಂತ ಹೆಚ್ಚಿನ ತೂಕದ ವಿಭಾಗದಲ್ಲಿ. ಜಪಾನಿನ ಶಿಕ್ಷಕ ಜಿಗೊರೊ ಕಾನೊ 1882ರಲ್ಲಿ ಈ ಕಲೆಯನ್ನು ರೂಪಿಸಿದರು. ಇದರಲ್ಲಿ ಗುದ್ದುವುದಿಲ್ಲ, ಒದೆಯುವುದಿಲ್ಲ. ಎದುರಾಳಿಯ ಅಂಗಿಯನ್ನು ಹಿಡಿದು, ತೋಲ ತಪ್ಪಿಸಿ ನೆಲಕ್ಕೆ ಎಸೆಯಬೇಕು. ಬೆನ್ನು ನೆಲಕ್ಕೆ ತಾಗುವಂತೆ ವೇಗವಾಗಿ, ಬಲವಾಗಿ ಎಸೆದರೆ ಅದು 'ಇಪ್ಪೊನ್'. ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ 1964ರಲ್ಲೇ ಜೂಡೋ ಇತ್ತು. ಮಹಿಳೆಯರಿಗೆ ಪದಕ ಸಿಗತೊಡಗಿದ್ದು 1992ರ ಬಾರ್ಸಿಲೋನಾದಲ್ಲಿ.

ಸೌದಿ ಅರೇಬಿಯಾದ ಸರಕಾರಿ ಶಾಲೆಗಳಲ್ಲಿ ಆಗ ಹುಡುಗಿಯರಿಗೆ ದೈಹಿಕ ಶಿಕ್ಷಣದ ತರಗತಿಯೇ ಇರಲಿಲ್ಲ. ಹಾಗಿರುವಾಗ ಈ ಹುಡುಗಿ ಕಲಿತದ್ದು ಎಲ್ಲಿ? ತಂದೆಯ ಬಳಿ. ತಂದೆ ಅಲಿ ಶಹರ್‌ಖಾನಿ ಜೂಡೋ ತೀರ್ಪುಗಾರರು. ಮಗಳಿಗೆ ಅವರೇ ಗುರು. ಆಕೆ ಲಂಡನ್‌ಗೆ ಬಂದಾಗ ಸೊಂಟದಲ್ಲಿದ್ದುದು ನೀಲಿ ಪಟ್ಟಿ. ಒಲಿಂಪಿಕ್ಸ್‌ಗೆ ಬರುವವರು ಸಾಮಾನ್ಯವಾಗಿ ಕಪ್ಪು ಪಟ್ಟಿಯವರು. ಆಕೆ ಅರ್ಹತಾ ಸುತ್ತು ಗೆದ್ದು ಬಂದವಳಲ್ಲ. ಒಲಿಂಪಿಕ್ ಸಮಿತಿಯ ವಿಶೇಷ ಆಹ್ವಾನದ ಮೇಲೆ ಬಂದವಳು. ಸೌದಿ ಅರೇಬಿಯಾ ಮಹಿಳೆಯರನ್ನು ಒಲಿಂಪಿಕ್ಸ್‌ಗೆ ಕಳುಹಿಸಿದ್ದು ಅದೇ ಮೊದಲು. 800 ಮೀಟರ್ ಓಟದ ಸಾರಾ ಅತ್ತಾರ್ ಮತ್ತು ವುಜ್ದಾನ್, ಇಬ್ಬರೇ.

ಅಷ್ಟರಲ್ಲಿ ಇನ್ನೊಂದು ತೊಡಕು ಎದುರಾಯಿತು. ಶಿರವಸ್ತ್ರ ಧರಿಸಿ ಆಡುವಂತಿಲ್ಲ ಎಂದಿತು ಅಂತಾರಾಷ್ಟ್ರೀಯ ಜೂಡೋ ಫೆಡರೇಶನ್. ಜೂಡೋದಲ್ಲಿ ಕತ್ತು ಒತ್ತಿ ಹಿಡಿಯುವ ಪಟ್ಟುಗಳಿವೆ, ಬಟ್ಟೆ ಕತ್ತಿಗೆ ಸುತ್ತಿಕೊಂಡರೆ ಅಪಾಯ ಎಂಬುದು ಅವರು ಕೊಟ್ಟ ಕಾರಣ. ಹಿಜಾಬ್ ಇಲ್ಲದಿದ್ದರೆ ಮಗಳು ಆಡುವುದಿಲ್ಲ ಎಂದರು ತಂದೆ. ಒಂದು ಕಡೆ ಹಿಜಾಬ್ ತೆಗೆ ಎನ್ನುವವರು, ಇನ್ನೊಂದು ಕಡೆ ಹೆಣ್ಣು ಮಗಳು ಅಖಾಡಕ್ಕೆ ಇಳಿಯುವುದೇ ತಪ್ಪು ಎನ್ನುವವರು. ನಡುವೆ ಹದಿನಾರರ ಹುಡುಗಿ. ಕೊನೆಗೆ ಮಾತುಕತೆಯಲ್ಲಿ ದಾರಿ ಸಿಕ್ಕಿತು. ಕೂದಲನ್ನು ಪೂರ್ತಿ ಮುಚ್ಚುವ, ಆದರೆ ಎಲ್ಲೂ ಜೋತು ಬೀಳದ ಬಿಗಿಯಾದ ಕಪ್ಪು ಟೋಪಿ. ಎರಡೂ ಕಡೆಯವರು ಕುಳಿತು ಮಾತಾಡಿದಾಗ ಸುರಕ್ಷತೆಯೂ ಉಳಿಯಿತು, ಆಕೆಯ ನಂಬಿಕೆಯೂ ಉಳಿಯಿತು.

2012ರ ಆಗಸ್ಟ್ 3. ರಮಝಾನ್ ತಿಂಗಳ ಶುಕ್ರವಾರ. ಎದುರಾಳಿ ಪೋರ್ಟೊರಿಕೊದ ಅನುಭವಿ ಆಟಗಾರ್ತಿ ಮೆಲಿಸಾ ಮೊಹಿಕಾ. ವುಜ್ದಾನ್ ಅಂಜುತ್ತಾ ಅಖಾಡಕ್ಕೆ ಬಂದಳು. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಇಬ್ಬರೂ ಅಂಗಿಯ ಹಿಡಿತಕ್ಕಾಗಿ ಸೆಣಸಿದರು. 82ನೇ ಸೆಕೆಂಡಿಗೆ ಮೊಹಿಕಾ ಆಕೆಯನ್ನು ಬೆನ್ನು ಮೇಲೆ ಕೆಡವಿದರು. ಇಪ್ಪೊನ್! ಆಟ ಮುಗಿಯಿತು. ವುಜ್ದಾನ್ ಎದ್ದಳು, ತಲೆಬಾಗಿ ವಂದಿಸಿದಳು, ಹೊರಗೆ ನಡೆದಳು. ಆಮೇಲೆ ಪತ್ರಕರ್ತರ ಮುಂದೆ ನಿಂತಳು. ಅಷ್ಟು ಜನರನ್ನು ನೋಡಿ ಹೆದರಿದ್ದಾಗಿ ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ಇದೊಂದು ಹೊಸ ಆರಂಭವಾಗಲಿ ಎಂದೂ ಆಶಿಸಿದಳು.

ಆದರೆ ನಾಲಿಗೆಗೆ ಎಲುಬಿಲ್ಲ ತಾನೇ? ಟ್ವಿಟರ್‌ನಲ್ಲಿ ಕೆಲವರು ಈ ಎಳೆಯ ಹುಡುಗಿಯ ಚಾರಿತ್ರ್ಯದ ಮೇಲೆಯೇ ಕೆಸರೆರಚಿದರು. ಧರ್ಮದ ಹೆಸರಿನಲ್ಲಿ ಹಾಗೆ ಬರೆದವರಿಗೆ, ಶೀಲವಂತೆಯ ಮೇಲೆ ಅಪವಾದ ಹೊರಿಸುವುದು ಧರ್ಮದಲ್ಲಿ ಎಷ್ಟು ಘೋರ ಪಾಪವೆಂದು ನೆನಪಾಗಲಿಲ್ಲವೇ? ಪ್ರವಾದಿಯವರು(ಸ) ಆಯಿಶಾರೊಂದಿಗೆ(ರ) ಓಟದ ಪಂದ್ಯ ನಡೆಸಿದ್ದರು. ಒಮ್ಮೆ ಆಯಿಶಾ ಗೆದ್ದರು, ಮತ್ತೊಮ್ಮೆ ಪ್ರವಾದಿಯವರು. ಅದು ನಮ್ಮ ಹದೀಸ್ ಗ್ರಂಥಗಳಲ್ಲೇ ಇದೆ. ಅಲಿ ಶಹರ್‌ಖಾನಿ ಮಗಳ ಮೇಲೆ ಕೋಪಿಸಿಕೊಳ್ಳಲಿಲ್ಲ, ಜನರಿಗೆ ಹೆದರಿ ಮೌನವಾಗಲೂ ಇಲ್ಲ. ನಿಂದಿಸಿದವರ ವಿರುದ್ಧ ಕಾನೂನು ಕ್ರಮಕ್ಕೆ ಮುಂದಾದರು.

ಆ ನಂತರ ಏನಾಯಿತು? 2014ರಲ್ಲಿ ಫುಟ್ಬಾಲ್ ಸಂಸ್ಥೆ ಫಿಫಾ, 2017ರಲ್ಲಿ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಶಿರವಸ್ತ್ರಕ್ಕೆ ಅನುಮತಿ ನೀಡಿದವು. 2016ರ ರಿಯೋದಲ್ಲಿ ಸೌದಿಯಿಂದ ನಾಲ್ವರು ಮಹಿಳೆಯರು ಸ್ಪರ್ಧಿಸಿದರು. ಅದೇ ಕೂಟದಲ್ಲಿ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಕತ್ತಿವರಸೆಯ ತಂಡ ವಿಭಾಗದಲ್ಲಿ, ಈಜಿಪ್ಟಿನ ಸಾರಾ ಅಹ್ಮದ್ ಭಾರ ಎತ್ತುವುದರಲ್ಲಿ ಹಿಜಾಬ್ ಧರಿಸಿಯೇ ಕಂಚು ಗೆದ್ದರು. 2017ರಲ್ಲಿ ಸೌದಿ ಸರಕಾರಿ ಶಾಲೆಗಳಲ್ಲಿ ಹುಡುಗಿಯರಿಗೆ ದೈಹಿಕ ಶಿಕ್ಷಣ ಘೋಷಣೆಯಾಯಿತು. ಇದೆಲ್ಲ ವುಜ್ದಾನ್ ಒಬ್ಬಳಿಂದ ಆಯಿತೆನ್ನಲಾಗದು. ಹಾಗೆಂದು ಎಲ್ಲ ಬಾಗಿಲುಗಳೂ ತೆರೆದಿವೆ ಎಂದೂ ಅಲ್ಲ. 2024ರ ಪ್ಯಾರಿಸ್ ಕೂಟದಲ್ಲಿ ಫ್ರಾನ್ಸ್ ತನ್ನದೇ ಆಟಗಾರ್ತಿಯರಿಗೆ ಹಿಜಾಬ್ ನಿಷೇಧಿಸಿತು.

ಪ್ರಿಯ ಸಹೋದರಿಯರೇ, ಜೂಡೋ ತರಗತಿಯಲ್ಲಿ ಮೊದಲು ಕಲಿಸುವುದು ಎಸೆಯಲು ಅಲ್ಲ, ಬೀಳಲು. ಗಲ್ಲವನ್ನು ಎದೆಗೆ ಒತ್ತಿ, ತೋಳಿನಿಂದ ನೆಲಕ್ಕೆ ಬಡಿದು, ಪೆಟ್ಟಾಗದಂತೆ ಬೀಳುವುದು ಹೇಗೆಂದು ಹೇಳಿಕೊಡುತ್ತಾರೆ. ನಾವು ಮಕ್ಕಳಿಗೆ ಗೆಲ್ಲಲು ಹೇಳಿಕೊಡುತ್ತೇವೆ. ರ‍್ಯಾಂಕ್ ಬರಬೇಕು, ಬಹುಮಾನ ತರಬೇಕು, ನೆರೆಮನೆಯ ಹುಡುಗಿಗಿಂತ ಮುಂದಿರಬೇಕು. ಬೀಳುವುದನ್ನು ಯಾರು ಕಲಿಸುತ್ತಾರೆ? ಫಲಿತಾಂಶದ ದಿನ ಮಗಳು ಮುಖ ಬಾಡಿಸಿಕೊಂಡು ಮನೆಗೆ ಬಂದಾಗ ಅವಳಿಗೆ ಮೊದಲು ಕೇಳಿಸುವ ಮಾತು ಯಾವುದು? "ಜನ ಏನೆನ್ನುತ್ತಾರೆ" ಎಂಬ ಮಾತು ನಮ್ಮ ಬಾಯಿಂದಲೇ ಹೊರಟರೆ ಆ ಮಗು ಮುಂದಿನ ಬಾರಿ ಪ್ರಯತ್ನಿಸಲೂ ಹೆದರುತ್ತದೆ. ಅವಳ ಕೈಗೊಂದು ಲೋಟ ನೀರು ಕೊಡಿ. ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಕಪಟ್ಟಿಯನ್ನು ಆಮೇಲೆ ನೋಡಿದರಾಯಿತು.